ಒಶಾ 300, 301, 300ಎ: ಫಾರಂಗಳು ಗಟ್ಟಿ, ಎಡವಟ್ಟೆಲ್ಲ ತುಂಬುವಾಗ

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಒಶಾ, ಕೆಲಸದಲ್ಲಾಗುವ ಗಾಯ ಮತ್ತು ಕಾಯಿಲೆಗಳ ದಾಖಲೆಗೆ ಮೂರು ಫಾರಂ ಉಚಿತವಾಗಿ ಕೊಡುತ್ತದೆ. ವರ್ಷದ ರಿಜಿಸ್ಟರ್ 300, ಒಂದೊಂದು ಪ್ರಕರಣದ ವಿವರಕ್ಕೆ 301, ವರ್ಷದ ಒಟ್ಟು ಲೆಕ್ಕಕ್ಕೆ 300ಎ. ಸಣ್ಣ, ಮಧ್ಯಮ ಘಟಕಕ್ಕೆ ಇಷ್ಟೇ ಸಾಕು, ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ.

300ರಲ್ಲಿ ಮೆಚ್ಚಬೇಕಾದದ್ದು ಜಿಯಿಂದ ಜೆವರೆಗಿನ ನಾಲ್ಕು ಕಾಲಂ. ಸಾವು, ರಜೆ, ಕೆಲಸದ ನಿರ್ಬಂಧ ಅಥವಾ ಬದಲಿ ಕೆಲಸ, ಇತರೆ: ಇವುಗಳಲ್ಲಿ ಅತಿ ಗಂಭೀರವಾದ ಒಂದಕ್ಕೆ ಮಾತ್ರ ಟಿಕ್. ಒಂದೇ ಪ್ರಕರಣ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ. ವಿಷಯ ತಿಳಿದ 7 ದಿನದೊಳಗೆ ಎಂಟ್ರಿ ಆಗಿರಬೇಕು. ಗಾಯದ ವಿವರ ಬರೆಯುವ ಎಫ್ ಕಾಲಂನಲ್ಲಿ ‘ಕೈಗೆ ಪೆಟ್ಟು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಪವರ್ ಪ್ರೆಸ್‌ಗೆ ಸಿಕ್ಕಿ ಬಲಗೈ ತೋರುಬೆರಳಿನ ಮೂಳೆ ಮುರಿತ’ ಎಂದು ಬರೆಯಿರಿ.

ಹೆಚ್ಚು ತಪ್ಪಾಗುವುದು ಪ್ರಥಮ ಚಿಕಿತ್ಸೆ ಯಾವುದು, ವೈದ್ಯಕೀಯ ಚಿಕಿತ್ಸೆ ಯಾವುದು ಎನ್ನುವಲ್ಲಿ. ಚಿಕಿತ್ಸೆ ಕೊಟ್ಟವರು ಡಾಕ್ಟರೋ ನರ್ಸೋ ಎಂಬುದು ಇಲ್ಲಿ ಮುಖ್ಯವಲ್ಲ, ಏನು ಮಾಡಿದರು ಎಂಬುದು ಮುಖ್ಯ. ಗಾಯದ ಬಾಯಿಗೆ ಬಟರ್‌ಫ್ಲೈ ಪಟ್ಟಿ ಹಚ್ಚಿದರೆ ಪ್ರಥಮ ಚಿಕಿತ್ಸೆ, ಅಷ್ಟೇ ಆದರೆ ದಾಖಲೆ ಬೇಡ. ಹೊಲಿಗೆ ಹಾಕಿದರೆ, ಗಾಯದ ಅಂಟು ಬಳಸಿದರೆ ದಾಖಲಿಸಲೇಬೇಕು. ಟೆಟನಸ್ ಇಂಜೆಕ್ಷನ್, ಎಲಾಸ್ಟಿಕ್ ಬ್ಯಾಂಡೇಜ್, ಐಸ್ ಪ್ಯಾಕ್ ಲೆಕ್ಕಕ್ಕಿಲ್ಲ, ಫಿಸಿಯೋಥೆರಪಿ ಲೆಕ್ಕಕ್ಕಿದೆ. ಐಬುಪ್ರೊಫೆನ್ 400 ಮಿಲಿಗ್ರಾಂ ಆದರೆ ಪ್ರಥಮ ಚಿಕಿತ್ಸೆ, ಡಾಕ್ಟರು ಒಂದು ಡೋಸ್‌ಗೆ 600 ಬರೆದರೆ ರಿಜಿಸ್ಟರ್‌ಗೆ ಹೋಗಬೇಕು. ಮಿತಿ 467.

ಗಾಯದಿಂದ ಕೆಲಸ ತಪ್ಪಿದ ದಿನ ಎಣಿಸುವುದರಲ್ಲೂ ಇದೇ ಪಾಡು. ಗಾಯವಾದ ದಿನ ಬಿಡಿ, ಮುಂದಿನ ಎಲ್ಲ ಕ್ಯಾಲೆಂಡರ್ ದಿನ ಎಣಿಸಿ. ಶುಕ್ರವಾರ ಗಾಯವಾಗಿ ಸೋಮವಾರದವರೆಗೂ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರೆ ಅದು 3 ದಿನ. ಹಾಜರಾತಿ ಪುಸ್ತಕ ನೋಡಿ 1 ಎಂದು ಬರೆಯುವವರೇ ಜಾಸ್ತಿ. 180ಕ್ಕೆ ಮುಟ್ಟಿದರೆ ಎಣಿಕೆ ನಿಲ್ಲಿಸಬಹುದು.

300ಎಗೆ ಕಂಪನಿಯ ಮಾಲೀಕರೋ ಉನ್ನತ ಅಧಿಕಾರಿಯೋ ಸಹಿ ಹಾಕಬೇಕು. ಸೇಫ್ಟಿ ಆಫೀಸರ್ ಸಹಿ ಸಾಲದು. ಫೆಬ್ರುವರಿ 1ರಿಂದ ಏಪ್ರಿಲ್ 30ರವರೆಗೆ ನೋಟಿಸ್ ಬೋರ್ಡ್‌ನಲ್ಲಿರಬೇಕು, ಒಂದು ಪ್ರಕರಣವೂ ಇಲ್ಲದಿದ್ದರೂ ಸೊನ್ನೆ ತುಂಬಿ ಹಾಕಬೇಕು.

ಈ ಲೆಕ್ಕವನ್ನು ಒಶಾಗೆ ಕಳಿಸುವ ಆನ್‌ಲೈನ್ ಪೋರ್ಟಲ್ ಐಟಿಎ ಬಗ್ಗೆ ಅರ್ಧ ಸಮಾಧಾನ. ಕೈಯಾರೆ ತುಂಬಬಹುದು, ಸಿಎಸ್‌ವಿ ಫೈಲ್ ಹಾಕಬಹುದು, ಕಂಪನಿಯ ಸಾಫ್ಟ್‌ವೇರ್‌ನಿಂದ ನೇರ ಕಳಿಸಲು ಎಪಿಐ ಕೂಡ ಇದೆ. ಕೊನೇ ದಿನ ಮಾರ್ಚ್ 2. ಅಂಕಿ ಸೇವ್ ಮಾಡಿದ್ದೇ ಸಲ್ಲಿಕೆ ಅಂದುಕೊಂಡು ಎದ್ದುಹೋಗುವವರಿದ್ದಾರೆ. ಸಬ್ಮಿಟ್ ಒತ್ತಿ, ದೃಢೀಕರಣದ ಇಮೇಲ್ ಬಂದ ಮೇಲೇ ಕೆಲಸ ಮುಗಿದದ್ದು. 2024ರಿಂದ, ನಿಗದಿತ ಉದ್ಯಮಗಳ 100 ಅಥವಾ ಹೆಚ್ಚು ಜನರಿರುವ ಘಟಕಗಳು 300, 301ರ ವಿವರವನ್ನೂ ಕಳಿಸಬೇಕು. ಆಗ ಗಾಯ ಹೇಗಾಯಿತೆಂಬ ವಿವರಣೆಯಲ್ಲಿ ಕಾರ್ಮಿಕರ ಹೆಸರು ನುಸುಳದಂತೆ ನೋಡಿಕೊಳ್ಳಿ. ಎಚ್‌ಐವಿ, ಲೈಂಗಿಕ ದೌರ್ಜನ್ಯ, ಮಾನಸಿಕ ಕಾಯಿಲೆಯಂಥ ಪ್ರಕರಣಗಳಲ್ಲಿ 300ರಲ್ಲೂ ಹೆಸರು ಬರೆಯುವ ಹಾಗಿಲ್ಲ. ಆ ಹೆಸರುಗಳ ಪಟ್ಟಿ ಬೇರೆಯೇ ಇರಬೇಕು, ಬೀಗದಲ್ಲಿ.

ಮೂರೂ ಫಾರಂ 5 ವರ್ಷ ಉಳಿಸಬೇಕು. ನಡುವೆ ಹಳೆಯ ಪ್ರಕರಣ ಉಲ್ಬಣಿಸಿದರೆ ಆ ವರ್ಷದ 300ನ್ನೇ ತೆಗೆದು ತಿದ್ದಿ.