ಶಾಲು-ಪೇಟವೋ, ಪಾಸು-ಪತ್ರವೋ?

ನಿಮ್ಮ ಆರೋಗ್ಯ ಟ್ರಸ್ಟ್‌ನಲ್ಲಿ ಚೆನ್ನಾಗಿ ದುಡಿದ ಸ್ವಯಂಸೇವಕರನ್ನು ಗುರುತಿಸಬೇಕು ಅಂತಿದ್ದರೆ ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ಸಮಾರಂಭ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ಮನೆಯವರು ಮುಂದಿನ ಸಾಲಲ್ಲಿ ಕೂತು ನೋಡುತ್ತಾರೆ, ದಾನಿಗಳಿಗೂ ಕೆಲಸ ಕಾಣುತ್ತದೆ. ದಿನ ಬೇಕಾದರೆ ಡಿಸೆಂಬರ್ 5 ಇದೆ, ವಿಶ್ವಸಂಸ್ಥೆ 1985ರಲ್ಲಿ ಸ್ವಯಂಸೇವಕರಿಗೆಂದೇ ಗೊತ್ತುಮಾಡಿದ್ದು. ತೊಂದರೆ ಏನಂದ್ರೆ ಹಾಲ್ ಬಾಡಿಗೆ, ಊಟ, ಅತಿಥಿಗಳ ಭಾಷಣ (ಅದಂತೂ ಮುಗಿಯೋದೇ ಇಲ್ಲ) ಅಂತ ದುಡ್ಡು ಜಾಸ್ತಿ ಹೋಗುತ್ತದೆ, ಮೇಲಾಗಿ ವೇದಿಕೆ ಹತ್ತುವವರು ಹೆಚ್ಚಾಗಿ ಎದ್ದು ಕಾಣುವವರೇ. ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ದೂರದೂರಿಂದ ಬಂದವರಿಗೆ ಯಾವ ಕೌಂಟರ್, ಯಾವ ಚೀಟಿ ಅಂತ ತೋರಿಸುತ್ತಾ ಓಡಾಡುವವರು ಯಾರ ಕಣ್ಣಿಗೂ ಬೀಳೋದಿಲ್ಲ.

ಇನ್ನೊಂದು, ಸುಮ್ನೆ ಕೈಗೆ ಕೊಡುವಂಥದ್ದು: ಬಸ್ ಪಾಸ್, ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ನೆರವು) ತರಬೇತಿ, ಮಾಡಿದ ಕೆಲಸವನ್ನು ವಿವರವಾಗಿ ಬರೆದ ಪತ್ರ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ 2023ರಿಂದ ಸಾಮಾನ್ಯ ಬಸ್ಸು ಉಚಿತ, ಅವರಿಗೆ ಮೆಟ್ರೊ ಕಾರ್ಡ್ ಕೊಡಿ. ಪತ್ರ ಕಾಲೇಜು ಹುಡುಗರಿಗೆ ಕೆಲಸ ಹುಡುಕುವಾಗ ನೆರವಾಗುತ್ತದೆ. ರೋಗಿಗಳ ಹೆಸರು ಮಾತ್ರ ಅದರಲ್ಲಿ ಬೇಡ.

ನಿವೃತ್ತರೇ ಜಾಸ್ತಿ ಇದ್ದರೆ ಸಮಾರಂಭ ಮಾಡಿ, ಅವರಿಗದು ಇಷ್ಟ. ವಿದ್ಯಾರ್ಥಿಗಳು ಜಾಸ್ತಿ ಇದ್ದರೆ ನನ್ನ ಓಟು ಎರಡನೆಯದಕ್ಕೆ.