ಓರಿಯೆಂಟೇಶನ್ನೋ, ಅಸೈನ್‌ಮೆಂಟ್ ಜೊತೆಗಿನ ಲ್ಯಾಬ್ ತರಗತಿಯೋ?

ವಿದ್ಯಾರ್ಥಿಗಳಿಗೆ ಮಾಹಿತಿ ಹುಡುಕುವುದನ್ನು ಕಲಿಸಲು ಕಲಬುರಗಿಯ ಪದವಿ ಕಾಲೇಜಿನ ಗ್ರಂಥಪಾಲಕರಿಗೆ ಎರಡು ದಾರಿ. ವರ್ಷಾರಂಭದಲ್ಲಿ ಇಡೀ ಬ್ಯಾಚನ್ನು ಸಭಾಂಗಣದಲ್ಲಿ ಕೂರಿಸಿ ಗಂಟೆಯ ಓರಿಯೆಂಟೇಶನ್ ಕೊಟ್ಟರೆ ಕಾರ್ಡು, ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಸೇವೆ) ಲಾಗಿನ್ ವಿಷಯ ಮುಗಿಯುತ್ತದೆ. ಆದರೆ ಕೈಯಲ್ಲಿ ಅಸೈನ್‌ಮೆಂಟೇ ಇಲ್ಲದಾಗ ಹೇಳಿದ ಹುಡುಕಾಟದ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ.

ಅಸೈನ್‌ಮೆಂಟ್ ಕೊಟ್ಟ ವಾರವೇ ಅಧ್ಯಾಪಕರಿಂದ ಒಂದು ಪೀರಿಯಡ್ ಕೇಳಿ, 25 ಮಂದಿಗೆ ಲ್ಯಾಬಿನಲ್ಲಿ ಕಲಿಸುವುದು ಇನ್ನೊಂದು. ಉದಾಹರಣೆಗೆ, ತೊಗರಿ ಬಗ್ಗೆ ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಇಂಗ್ಲಿಷಿನಲ್ಲಿ ಬರೀ ‘ಕಲಬುರಗಿ’ ಎಂದು ಹುಡುಕಿದರೆ ಹಳೆಯ ಪ್ರಬಂಧಗಳು ತಪ್ಪಿಹೋಗುತ್ತವೆ. ಅಧಿಕೃತ ಹೆಸರು ಬದಲಾದದ್ದು 2014ರಲ್ಲಿ. ಹಳೆಯ ಹೆಸರು ‘ಗುಲ್ಬರ್ಗಾ’ವನ್ನೂ ಹಾಕಿಸಿ, ತೊಗರಿಗೂ ‘ರೆಡ್ ಗ್ರಾಮ್’, ‘ಪಿಜನ್ ಪೀ’ ಎರಡನ್ನೂ ಬೇರೆಬೇರೆಯಾಗಿ ಕೊಡಿಸಿ. ಫಲಿತಾಂಶ ಬದಲಾಗುವುದನ್ನು ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಗ್ರಂಥಪಾಲಕರು ಒಬ್ಬರೇ ಇದ್ದರೆ? ಓರಿಯೆಂಟೇಶನ್ನನ್ನು 20 ನಿಮಿಷಕ್ಕೆ ಇಳಿಸಿ, ಅಂತಿಮ ವರ್ಷದವರಿಗಾದರೂ ಲ್ಯಾಬ್ ಇಡಿ.