ಕಚೇರಿಗೇ ಬಂದು ಭಾವಚಿತ್ರ ತೆಗೆದುಕೊಡುವ ಸ್ಟುಡಿಯೋ: ಕಾರವಾರದಲ್ಲಿ ನಮ್ಮ ಅನುಭವ

ಕಳೆದ ಜುಲೈ ತಿಂಗಳಲ್ಲಿ ಕಾರವಾರದ ನಮ್ಮ ಕಚೇರಿಯ 18 ಸಿಬ್ಬಂದಿಯ ಭಾವಚಿತ್ರಗಳನ್ನು ಹೊಸದಾಗಿ ತೆಗೆಸಬೇಕಾಯಿತು. ಜಾಲತಾಣದಲ್ಲಿ ಅಲ್ಲಿಯವರೆಗೆ ಇದ್ದವು ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಕೊಟ್ಟ ಚಿತ್ರಗಳು. ಕೆಲವು ಮದುವೆಮನೆಯ ಗುಂಪಿನಿಂದ ಕತ್ತರಿಸಿದವು, ಕೆಲವು ಮೊಬೈಲಿನಲ್ಲಿ ತಾವೇ ತೆಗೆದುಕೊಂಡವು. ಸದಾಶಿವಗಡ, ಮಾಜಾಳಿ, ಬಿಣಗಾಗಳಿಂದ ದಿನವೂ ಬಂದುಹೋಗುವವರನ್ನು ಮಳೆಯಲ್ಲಿ ಸರದಿಯಂತೆ ಸ್ಟುಡಿಯೋಗೆ ಕಳುಹಿಸುವುದು ಸರಿಯೆನಿಸದೆ, ಅಂಕೋಲೆಯ ಒಂದು ಸ್ಟುಡಿಯೋದವರನ್ನು ಕಚೇರಿಗೇ ಕರೆಸಿದೆವು. ತಲೆಗೆ 400 ರೂಪಾಯಿಯಂತೆ ದರ ಒಪ್ಪಿಕೊಂಡೆವು. ಕೆಲಸ ನಡೆದ ರೀತಿಯನ್ನು ಹತ್ತಿರದಿಂದ ನೋಡಿದ ಮೇಲೆ ಆ ಹಣ ಹೆಚ್ಚೆಂದು ನನಗೆ ಅನ್ನಿಸಿಲ್ಲ.

ಛಾಯಾಗ್ರಾಹಕರೂ ಅವರ ಸಹಾಯಕರೂ ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಆದರೆ ಅರ್ಧ ಗಂಟೆ ಕ್ಯಾಮೆರಾ ಚೀಲವನ್ನು ತೆರೆಯಲೇ ಇಲ್ಲ. ಎಸಿ ಹಾಕಿದ ಕಾರಿನಲ್ಲಿ ತಣ್ಣಗಾದ ಲೆನ್ಸನ್ನು ಕರಾವಳಿಯ ತೇವದ ಗಾಳಿಗೆ ಒಮ್ಮೆಲೇ ತೆಗೆದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಚೀಲದೊಳಗೇ ಅದು ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ ಎಂದು ಅವರು ಹೇಳಿದರು. ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯದ ಹಾಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿದ ಮುಚ್ಚಳದ ಡಬ್ಬಿಗಳಲ್ಲಿ ಉಳಿದ ಸಾಮಾನುಗಳಿದ್ದವು. ತಮ್ಮ ಸಲಕರಣೆಯನ್ನು ಇಷ್ಟು ಜೋಪಾನ ಮಾಡುವವರು ನಮ್ಮ ಮುಖಗಳನ್ನೂ ಹಾಗೆಯೇ ನೋಡಿಕೊಂಡಾರು ಎಂಬ ಭರವಸೆ ನನಗೆ ಅಲ್ಲಿಯೇ ಮೂಡಿತು.

ನಾವು ಬಿಟ್ಟುಕೊಟ್ಟ ಸಭಾಕೊಠಡಿ ಚಿತ್ರ ತೆಗೆಯಲು ಹೇಳಿ ಮಾಡಿಸಿದ ಜಾಗವೇನಲ್ಲ. ಗೋಡೆಗಳಿಗೆ ತಿಳಿಹಸಿರು ಬಣ್ಣವಿದೆ, ಚಾವಣಿಯಲ್ಲಿ ಟ್ಯೂಬ್‌ಲೈಟುಗಳಿವೆ, ಪಶ್ಚಿಮಕ್ಕೆ ಸಮುದ್ರದ ಕಡೆಯ ದೊಡ್ಡ ಕಿಟಕಿಯಿದೆ. ಕಿಟಕಿಯ ಬೆಳಕು ಒಂದು ಬಣ್ಣದ್ದು, ಟ್ಯೂಬಿನದು ಇನ್ನೊಂದು. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಅರ್ಧ ಕೆನ್ನೆ ನೀಲಿ, ಅರ್ಧ ಹಳದಿಯಾಗಿ ಕಾಣುವುದುಂಟು. ಅದರ ಜೊತೆಗೆ ಹಸಿರು ಗೋಡೆಗೆ ತಾಗಿ ಮರಳುವ ಬೆಳಕು ಚರ್ಮಕ್ಕೆ ಕಾಯಿಲೆಯ ಕಳೆ ತರುತ್ತದೆ. ಅವರು ಮೊದಲು ಕಿಟಕಿಯ ಪರದೆ ಎಳೆಸಿ, ಟ್ಯೂಬುಗಳನ್ನು ಆರಿಸಿ, ಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟರು. ಆಮೇಲೆ ದೀಪದ ಬೆಳಕನ್ನು ಮೃದುವಾಗಿ ಹರಡುವ, ಬಿಳಿ ಬಟ್ಟೆಯ ದೊಡ್ಡ ಸಾಫ್ಟ್‌ಬಾಕ್ಸನ್ನು ಕೂರುವವರ ಮುಂದೆ ಓರೆಯಾಗಿ, ಕಣ್ಣಿಗಿಂತ ಮೇಲೆ ನಿಲ್ಲಿಸಿದರು. ಹಿಂದಿನ ಬೂದು ಪರದೆಯಿಂದ ಕುರ್ಚಿ ಐದಾರು ಅಡಿ ಮುಂದಿದ್ದುದರಿಂದ ಯಾರ ನೆರಳೂ ಪರದೆಯ ಮೇಲೆ ಬೀಳಲಿಲ್ಲ.

ದೂರದಿಂದಲೇ ಮುಖವನ್ನು ದೊಡ್ಡದಾಗಿ ಹಿಡಿಯುವ 85 ಮಿ.ಮೀ. ಲೆನ್ಸು ಹಾಕಿಕೊಂಡು ಅವರು ಏಳು ಅಡಿ ದೂರ ನಿಂತದ್ದು ನಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಿತು. ಮೊಬೈಲನ್ನು ಕೈಯಳತೆಯಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದಕ್ಕೆ ಸರಿದಂತೆ ಕಾಣುವುದಕ್ಕೆ ಆ ಹತ್ತಿರವೇ ಕಾರಣ. ದೂರ ಹೆಚ್ಚಿದಂತೆ ಮುಖದ ಅಳತೆಗಳು ಮನುಷ್ಯರು ಮನುಷ್ಯರನ್ನು ನೋಡುವ ಹದಕ್ಕೆ ಬರುತ್ತವೆ. ಕನ್ನಡಕದವರ ವಿಷಯದಲ್ಲಿ ಅವರ ತಾಳ್ಮೆ ದೊಡ್ಡದು. ಗಾಜಿನ ಮೇಲೆ ದೀಪದ ಬಿಳಿ ಚೌಕ ಕುಳಿತಾಗಲೆಲ್ಲ ಸಹಾಯಕರು ದೀಪವನ್ನು ಇನ್ನಷ್ಟು ಎತ್ತರಿಸಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿ ಕೂರಿಸುತ್ತಿದ್ದರು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಮಾತು. ಯಾರಿಗೂ "ಸ್ವಲ್ಪ ನಗಿ" ಎಂದು ಹೇಳಲಿಲ್ಲ. ಮನೆಯಲ್ಲಿ ಕೊಂಕಣಿ ಆಡುವವರೊಡನೆ ಕೊಂಕಣಿಯಲ್ಲೇ ಮಳೆ, ಮೀನು, ಮಕ್ಕಳ ಶಾಲೆ ಎಂದು ಮಾತಿಗೆಳೆದು, ಮಾತು ಮುಗಿದು ಮುಖ ಸಡಿಲವಾದ ಗಳಿಗೆಯಲ್ಲಿ ಗುಂಡಿ ಒತ್ತುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿರುವ ನಮ್ಮ ಹಿರಿಯ ಗುಮಾಸ್ತೆಯೊಬ್ಬರು ಅಬ್ಬಲಿಗೆ ದಂಡೆ ಮುಡಿದು ಬಂದು, ತಾವು ಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲವೆಂದು ಹಿಂಜರಿದಾಗ, "ಅಕ್ಕೋರೆ, ಗದ್ದ ಒಂಚೂರು ಮುಂದೆ ತನ್ನಿ, ಹೂವು ಈ ಕಡೆ ಕಾಣಲಿ" ಎಂದು ಕುರ್ಚಿಯನ್ನು ತಾವೇ ತಿರುಗಿಸಿಕೊಟ್ಟರು. ಗದ್ದ ತುಸು ಮುಂದೆ ಬಂದರೆ ಕೊರಳಿನ ಮಡಿಕೆ ಮರೆಯಾಗುತ್ತದೆ. ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳದೆ ಹೂವಿನ ನೆಪ ಹಿಡಿದದ್ದು ಅವರ ಸಂಸ್ಕಾರ.

ನನ್ನ ಆಕ್ಷೇಪವಿರುವುದು ನಂತರದ ಕೆಲಸದ ಬಗ್ಗೆ. ಒಂದು ವಾರದ ಮೇಲೆ ಕೈಸೇರಿದ ಚಿತ್ರಗಳಲ್ಲಿ ಎಲ್ಲರ ಚರ್ಮವೂ ಮೇಣದಂತೆ ನುಣುಪಾಗಿತ್ತು. ಅದೇ ಗುಮಾಸ್ತೆಯ ಹಣೆಯ ಮೇಲಿನ ಹಳೆಯ ಗಾಯದ ಗುರುತು ಮಾಯವಾಗಿತ್ತು, ಮತ್ತೊಬ್ಬರ ಕೆನ್ನೆಯ ಮಚ್ಚೆಯೂ ಇರಲಿಲ್ಲ. ಆ ಹೊತ್ತಿನ ಮೊಡವೆಯನ್ನು ಅಳಿಸಿದರೆ ತಕರಾರಿಲ್ಲ, ಅದು ಹದಿನೈದು ದಿನದಲ್ಲಿ ತಾನೇ ಹೋಗುವಂಥದು. ಮಚ್ಚೆ, ಗಾಯದ ಗುರುತು, ವಯಸ್ಸಿನ ಗೆರೆಗಳು ಆ ಮನುಷ್ಯರವು. ಗುರುತಿನ ಚೀಟಿಯಲ್ಲಿ ಅವು ಇಲ್ಲದಿದ್ದರೆ ಗುರುತೆಂಬ ಮಾತಿಗೇ ಅರ್ಥವಿಲ್ಲ. ಫೋನು ಮಾಡಿ ಇದನ್ನು ತಿಳಿಸಿದಾಗ ಅವರು ವಾದಿಸಲಿಲ್ಲ. ತಿದ್ದುವ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದೆವೆಂದು ಒಪ್ಪಿಕೊಂಡು ನಾಲ್ಕು ದಿನದಲ್ಲಿ ಎಲ್ಲವನ್ನೂ ಮತ್ತೆ ಮಾಡಿಕೊಟ್ಟರು. ಇವರನ್ನು ಕರೆಸುವವರು ಎಷ್ಟು ತಿದ್ದಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಮೊದಲೇ ಬರೆದುಕೊಡುವುದು ಒಳ್ಳೆಯದು. ಪಾಸ್‌ಪೋರ್ಟ್ ಅಳತೆಯ, ಅಂದರೆ 35 ಮತ್ತು 45 ಮಿ.ಮೀ.ಗಳ ಬಿಳಿ ಹಿನ್ನೆಲೆಯ ಪ್ರತಿ ಬೇಕಿದ್ದರೂ ಆಗಲೇ ಹೇಳಬೇಕು. ನಾವು ತಡವಾಗಿ ಕೇಳಿದ್ದಕ್ಕೆ ಬೇರೆ ಹಣ ಕೊಡಬೇಕಾಯಿತು.

ಆ ದಿನ ರಜೆಯಲ್ಲಿದ್ದ ಇಬ್ಬರಿಗಾಗಿ ಸೆಪ್ಟೆಂಬರಿನಲ್ಲಿ ಅವರು ಮತ್ತೊಮ್ಮೆ ಬಂದರು. ದೀಪದ ಎತ್ತರ, ಕುರ್ಚಿಯಿಂದ ಪರದೆಗಿದ್ದ ದೂರ, ಕ್ಯಾಮೆರಾದ ಅಳತೆಗಳು ಎಲ್ಲವನ್ನೂ ಜುಲೈಯಲ್ಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ಈಗ ಜಾಲತಾಣದಲ್ಲಿ ಸಾಲಾಗಿ ಕಾಣುವ ಚಿತ್ರಗಳಲ್ಲಿ ಆಮೇಲೆ ಸೇರಿದ ಆ ಎರಡು ಯಾವುವೆಂದು ನನಗೂ ಹುಡುಕಿದರೆ ಸಿಗುವುದಿಲ್ಲ.